ಬರಹವಿಲ್ಲದ ಕಲ್ಲುಗಳು

ಶೋಕವು ಮಿತಿಮೀರಿದಾಗ ಮಾತು ಹೊರಡದಿರುವುದು ಮನುಷ್ಯಸ್ವಭಾವ. ಅಂಥ ಸಮಯದಲ್ಲಿ ನಮ್ಮ ಪೂರ್ವಿಕರು ಶಿಲ್ಪಿಯ ಉಳಿಯನ್ನು ಆಶ್ರಯಿಸಿದರು. ಇದಕ್ಕೆ ನಿದರ್ಶನವನ್ನರಸಿ ನಾವು ದೂರ ಹೋಗಬೇಕಾಗಿಲ್ಲ. ಮಡಕಶಿರಾ ಸೀಮೆಯಿಂದ ಹೊಸೂರಿನವರೆಗೆ ಊರ ಮುಂದೆಯೂ ಹೊಲದ ಬದುಗಳಲ್ಲಿಯೂ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳೇ ಸಾಕು.

ಶಾಸನದ ಮಾತು ಬಹುಮಟ್ಟಿಗೆ ಕಟ್ಟುಪಾಡಿನದು. ದೊರೆಯ ಬಿರುದು, ಕಾಳಗದ ಹೆಸರು, ಸತ್ತವನು ಸ್ವರ್ಗಸ್ಥನಾದನೆಂಬ ಒಂದು ವಾಕ್ಯ, ಬಿಟ್ಟ ಭೂಮಿಯ ವಿವರ, ಇಷ್ಟರಲ್ಲಿ ಅದು ಮುಗಿಯುತ್ತದೆ. ಅಗಲಿದವನಿಗಾಗಿ ಪಟ್ಟ ಸಂಕಟಕ್ಕೆ ಅಲ್ಲಿ ಎಡೆಯಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ದೊರೆತ 9ನೆಯ ಶತಮಾನದ ಕಲ್ಲು ಗಂಗರ ದೊರೆ ನೀತಿಮಾರ್ಗನ ಮರಣವನ್ನು ಕುರಿತದ್ದು. ಅದರ ಶಿಲ್ಪದಲ್ಲಿ ಬಿರುದುಗಳಿಲ್ಲ. ಮಂಚದ ಮೇಲೆ ಒರಗಿ ಪ್ರಾಣಬಿಡುತ್ತಿರುವ ಒಬ್ಬ ಮನುಷ್ಯನಿದ್ದಾನೆ, ಅವನ ಬಳಿಯಲ್ಲಿ ಅವನವರಿದ್ದಾರೆ.

ಸುಮಾರು 900ರ ಬೇಗೂರಿನ ವೀರಗಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಗಂಗ ಎಱೆಯಪ್ಪನ ಆಜ್ಞೆಯಂತೆ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯೊಡನೆ ಕಾದಿ ಮಡಿದ ನಾಗತ್ತರನ ಸ್ಮಾರಕವಿದು. ಈ ವೀರಮಹೇಂದ್ರನು ನೊಳಂಬರ ಮಹೇಂದ್ರನೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ನೊಳಂಬರ ರಾಜಧಾನಿ ಹೆಂಜೇರು. ಎಂದರೆ ನಮ್ಮ ನೆರೆಯ ಹೇಮಾವತಿ. ಬರಹವು ನಾಗತ್ತರನ ಸಾವನ್ನು ಹೇಳಿ, ಅವನ ಪಟ್ಟವು ಇರುಗನಿಗೆ ಸಂದುದನ್ನೂ ಅವನಿಗೆ ಕೊಟ್ಟ ಹನ್ನೆರಡು ಊರುಗಳನ್ನೂ ಎಣಿಸತೊಡಗುತ್ತದೆ. ಶಿಲ್ಪಿಯಾದರೋ ಕಾಳಗವನ್ನು ಬಿಟ್ಟು ಕದಲುವುದಿಲ್ಲ. ಆನೆ, ಕುದುರೆ, ಎತ್ತಿದ ಆಯುಧ, ನೆಲಕ್ಕುರುಳಿದ ದೇಹಗಳು ಇಂದಿಗೂ ಹಾಗೆಯೇ ಇವೆ.

ಇನ್ನೂ ವಿಸ್ಮಯಕರವಾದುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. 949–50ರ ಈ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರೊಡನೆ ತಕ್ಕೋಲದಲ್ಲಿ ಮಾಡಿದ ಮಹಾಯುದ್ಧದ ವಾರ್ತೆಯಿದೆ. ಆದರೆ ಶಿಲ್ಪಿಯು ಕಡೆದುದು ಆ ಯುದ್ಧವನ್ನಲ್ಲ. ಹಂದಿಯೊಡನೆ ಹೋರಾಡುತ್ತಿರುವ ಒಂದು ನಾಯಿಯನ್ನು. ಬೂತುಗನ ಮೆಚ್ಚುಗೆಗೆ ಪಾತ್ರನಾದ ಮಣಲೆರನು ಅವನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿಯದು. ನಾಯಿಯೂ ಹಂದಿಯೂ ಕೂಡಿಯೇ ಸತ್ತವು. ಸಾಮ್ರಾಜ್ಯದ ವಿಜಯಕ್ಕೆ ಅಕ್ಷರಗಳು ಒದಗಿದವು. ಸಾಕಿದ ಪ್ರಾಣಿಯ ಮೇಲಣ ಮಮತೆಗೆ ಚಿತ್ರವೇ ಬೇಕಾಯಿತು.

ಇವೆಲ್ಲ ಬರಹವುಳ್ಳ ಕಲ್ಲುಗಳು. ನಮ್ಮ ಸೀಮೆಯ ಎಷ್ಟೋ ಕಲ್ಲುಗಳಲ್ಲಿ ಒಂದಕ್ಷರವೂ ಇಲ್ಲ. ಆದರೂ ಅವು ಮೂಕವಲ್ಲ. ಮೂರು ಅಂತಸ್ತಿನ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾದಾಟ, ಹಸುಗಳ ಸಾಲಿದ್ದರೆ ತುರುಗಾಳಗದಲ್ಲಿ ಮಡಿದವನೆಂದು ತಿಳಿಯಬೇಕು. ನಡುವೆ ವೀರನನ್ನು ಒಯ್ಯುತ್ತಿರುವ ಅಪ್ಸರೆಯರು. ಮೇಲೆ ಲಿಂಗದ ಸನ್ನಿಧಿ, ಸೂರ್ಯಚಂದ್ರರು. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಚಾಚಿ ಮೇಲೆತ್ತಿದ ಒಂದು ತೋಳು, ಅದರ ತುಂಬ ಬಳೆ, ಅಂಗೈಯಲ್ಲಿ ನಿಂಬೆಹಣ್ಣು. ಆ ಬಳೆಗಳ ಮುಂದೆ ನಿಂತಾಗ ವೀರಪತ್ನಿಯೆಂಬ ಹೊಗಳಿಕೆಗಿಂತ ಉರಿಯನ್ನು ಹೊಕ್ಕ ಹೆಣ್ಣಿನ ಪ್ರಾಣವೇ ನಮ್ಮ ಮನಸ್ಸನ್ನು ಹಿಂಡುತ್ತದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರೂಪುಗೊಂಡಾಗ ಮಡಕಶಿರಾ ಅದರಲ್ಲಿ ಸೇರಿತು. ಅಲ್ಲಿಂದೀಚೆಗೆ ನಮ್ಮ ಮನೆಗಳಲ್ಲಿ ಕನ್ನಡವನ್ನು ಆಡಬಲ್ಲ, ಆದರೆ ಓದಲಾರದ ತಲೆಮಾರುಗಳು ಬಂದಿವೆ. ಹಳೆಗನ್ನಡ ಲಿಪಿಯಂತೂ ಕನ್ನಡ ಬಲ್ಲವರಿಗೂ ಸುಲಭಸಾಧ್ಯವಲ್ಲ. ಅಂಥ ಮಕ್ಕಳನ್ನೂ ಈ ಶಿಲ್ಪಗಳು ದೂರವಿಡುವುದಿಲ್ಲ. ತೆಲುಗು, ತಮಿಳು ಶಾಲೆಗಳಿಗೆ ಹೋಗುವ ಬಾಲಕನೂ ಅವುಗಳನ್ನು ಓದಬಲ್ಲನು. ಆದರೆ ಚಿತ್ರವು ಸತ್ತವನ ಹೆಸರನ್ನು ಹೇಳಲಾರದು. ಹೆಸರು ಉಳಿದಿದ್ದರೆ ಅದು ಊರ ಹಿರಿಯರ ನಾಲಗೆಯ ಮೇಲೆ ಮಾತ್ರ. ಅವರು ತೀರಿಕೊಂಡ ಮೇಲೆ ಅದೇ ಕಲ್ಲು ಮೋರಿಗೆ ಹಾಸುಗಲ್ಲಾದರೆ ಕೇಳುವವರಿರುವುದಿಲ್ಲ.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ತಮ್ಮ ತಮ್ಮ ಊರಿನ ಬರಹವಿಲ್ಲದ ಕಲ್ಲುಗಳ ಬಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಛಾಯಾಚಿತ್ರ ತೆಗೆಸಿ, ನಿಂತ ಸ್ಥಳವನ್ನು ಗುರುತುಮಾಡಿ, ಹಿರಿಯರು ಆ ಕಲ್ಲನ್ನು ಏನೆಂದು ಕರೆಯುತ್ತಾರೆಂಬುದನ್ನು ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಯಿಸಿರಿ.