ಕೋಡ್ ಬರೆಯದೆ ಆಪ್, ಮನೆಯಿಂದಲೇ ಉಪೋದ್ಯೋಗ: ಯುವತಿಯರು ತಿಳಿದಿರಬೇಕಾದ ಸಂಗತಿಗಳು

ಸೀರೆಗೆ ಕುಚ್ಚು ಕಟ್ಟುವುದು, ರವಿಕೆ ಹೊಲಿಯುವುದು, ಹಪ್ಪಳ-ಸಂಡಿಗೆ ಮಾಡಿ ಮಾರುವುದು, ಮಕ್ಕಳಿಗೆ ಮನೆಪಾಠ ಹೇಳುವುದು ನಮ್ಮ ನಾಡಿನ ಹೆಣ್ಣುಮಕ್ಕಳು ಓದು ಮತ್ತು ಮನೆಗೆಲಸದ ನಡುವೆಯೇ ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಉಪೋದ್ಯೋಗಗಳು. ಇಂತಹ ಕಿರು ವೃತ್ತಿಗೆ ಒಂದು ಜಾಲತಾಣವೋ ಮೊಬೈಲ್ ಆಪ್ ಬೇಕೆಂದರೆ ಹಿಂದೆ ತಂತ್ರಾಂಶ ತಜ್ಞರನ್ನೇ ಆಶ್ರಯಿಸಬೇಕಾಗಿತ್ತು. ಅದರ ವೆಚ್ಚವೇ ಬಂಡವಾಳವನ್ನು ಮೀರುತ್ತಿತ್ತು. ಕೋಡ್ ಬರೆಯದೆಯೇ ಆಪ್ ಕಟ್ಟಿಕೊಳ್ಳುವ ಸಾಧನಗಳು ಬಂದ ಮೇಲೆ ಈ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗಿದೆ. ಆದರೆ ಕಟ್ಟುವುದು ಸುಲಭವಾದಷ್ಟೂ, ಕಟ್ಟಿದ್ದು ಯಾರ ಹೆಸರಿನಲ್ಲಿದೆ, ಗ್ರಾಹಕರ ಪಟ್ಟಿ ಯಾರ ಕೈಯಲ್ಲಿದೆ, ಹಣ ಯಾರ ಖಾತೆಗೆ ಸೇರುತ್ತಿದೆ ಎಂಬ ಪ್ರಶ್ನೆಗಳು ಹೆಚ್ಚು ಮುಖ್ಯವಾಗುತ್ತವೆ. ಈ ಎರಡೂ ಮಗ್ಗುಲುಗಳನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ‘ನೋ-ಕೋಡ್’?

ಗಣಕಯಂತ್ರದ ಭಾಷೆಯಲ್ಲಿ ಸಾಲುಸಾಲಾಗಿ ಆದೇಶಗಳನ್ನು ಬರೆಯುವ ಬದಲು, ಸಿದ್ಧ ತುಣುಕುಗಳನ್ನು ಪರದೆಯ ಮೇಲೆ ಎಳೆದು ಜೋಡಿಸಿ ತಂತ್ರಾಂಶ ರೂಪಿಸುವ ವಿಧಾನಕ್ಕೆ ‘ನೋ-ಕೋಡ್’ ಎಂದು ಹೆಸರು. ಇದರ ಬೇರು ಹಳೆಯದು. 1979ರಲ್ಲಿ ಬಂದ ‘ವಿಸಿಕ್ಯಾಲ್ಕ್’ ಎಂಬ ಲೆಕ್ಕದ ಹಾಳೆಯ ತಂತ್ರಾಂಶವು ಪ್ರೋಗ್ರಾಮಿಂಗ್ ಅರಿಯದ ಗುಮಾಸ್ತರಿಗೂ ಗಣಕಯಂತ್ರದಿಂದ ತಮಗೆ ಬೇಕಾದ ಲೆಕ್ಕ ಮಾಡಿಸಿಕೊಳ್ಳಲು ಅವಕಾಶ ನೀಡಿತು. ಇಂದಿನ ನೋ-ಕೋಡ್ ಸಾಧನಗಳಲ್ಲಿ ಹಲವು ಈಗಲೂ ಅಂತಹ ಹಾಳೆಯ ಮೇಲೆಯೇ ನಿಂತಿವೆ.

ಮೊಬೈಲ್ ಆಪ್‌ಗಳ ಮಟ್ಟಿಗೆ ಹೇಳುವುದಾದರೆ, ಗೂಗಲ್ ಸಂಸ್ಥೆ 2010ರಲ್ಲಿ ಹೊರತಂದ ‘ಆಪ್ ಇನ್ವೆಂಟರ್’ ಒಂದು ಮೈಲಿಗಲ್ಲು. 2012ರಿಂದ ಅದನ್ನು ಅಮೆರಿಕದ ಮೆಸಾಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿ, ಉಚಿತವಾಗಿ ನಡೆಸುತ್ತಿದೆ. ಇಲ್ಲಿ ‘ಈ ಗುಂಡಿ ಒತ್ತಿದಾಗ’, ‘ಈ ಸಂದೇಶ ಕಳುಹಿಸು’ ಎಂಬಂತಹ ಬಣ್ಣದ ತುಣುಕುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಆಪ್ ಸಿದ್ಧವಾಗುತ್ತದೆ. ಕೋಡ್ ಬರೆಯುವ ಶ್ರಮ ತಪ್ಪಿದರೂ, ಕೆಲಸವನ್ನು ಹಂತಹಂತವಾಗಿ ಯೋಚಿಸುವ ಶ್ರಮ ತಪ್ಪುವುದಿಲ್ಲ.

ಧಾರಾವಿಯ ಬಾಲಕಿಯರು

ಈ ಸಾಧನದಿಂದ ಏನು ಸಾಧ್ಯ ಎಂಬುದಕ್ಕೆ ಮುಂಬಯಿಯ ಧಾರಾವಿಯಲ್ಲೇ ನಿದರ್ಶನವಿದೆ. ಅಲ್ಲಿನ ನಯಾ ನಗರದ ಹದಿಹರೆಯದ ಬಾಲಕಿಯರು ‘ಧಾರಾವಿ ಡೈರಿ’ ಎಂಬ ಯೋಜನೆಯಡಿ ಆಪ್ ಇನ್ವೆಂಟರ್ ಕಲಿತು, 2010ರ ದಶಕದ ಮಧ್ಯಭಾಗದಲ್ಲಿ ಹಲವು ಆಪ್‌ಗಳನ್ನು ರೂಪಿಸಿದರು. ‘ವಿಮೆನ್ ಫೈಟ್ ಬ್ಯಾಕ್’ ಎಂಬುದು ಆಪತ್ತಿನಲ್ಲಿರುವ ಮಹಿಳೆಗೆ ಎಚ್ಚರಿಕೆಯ ಸದ್ದು ಮತ್ತು ಸಂದೇಶ ಕಳುಹಿಸಲು ನೆರವಾಗುವಂಥದ್ದು. ‘ಪಾನಿ’ ಎಂಬುದು ಸಾರ್ವಜನಿಕ ನಲ್ಲಿಯಲ್ಲಿ ನೀರು ಹಿಡಿಯಲು ತಮ್ಮ ಸರದಿ ಯಾವಾಗ ಎಂದು ಮನೆಯವರಿಗೆ ತಿಳಿಸುವಂಥದ್ದು.

‘ಪಾನಿ’ಯ ಹಿಂದಿನ ಆಲೋಚನೆ ಗಮನಾರ್ಹ. ನೀರಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಶಾಲೆಯ ಹೊತ್ತು ಕಳೆದುಕೊಳ್ಳುವವರಿಗೇ ಆ ಕಷ್ಟದ ಸ್ವರೂಪ ಸರಿಯಾಗಿ ಗೊತ್ತು. ತಂತ್ರಾಂಶ ತಜ್ಞನಿಗೆ ಕೋಡ್ ಗೊತ್ತಿರಬಹುದು, ಸರದಿಯ ಜಗಳ ಗೊತ್ತಿರುವುದಿಲ್ಲ. ನೋ-ಕೋಡ್ ಸಾಧನಗಳ ನಿಜವಾದ ಪ್ರಯೋಜನ ಇಲ್ಲಿದೆ: ಕಷ್ಟವನ್ನು ಬಲ್ಲವರೇ ಪರಿಹಾರವನ್ನೂ ರೂಪಿಸಬಹುದು.

ಯಾವ ಕೆಲಸಕ್ಕೆ ಯಾವ ಸಾಧನ?

ಎಲ್ಲ ಉಪೋದ್ಯೋಗಗಳಿಗೂ ಆಪ್ ಬೇಕಾಗಿಲ್ಲ. ಅಗತ್ಯಕ್ಕೆ ತಕ್ಕಂತೆ ಸಾಧನವನ್ನು ಆರಿಸಿಕೊಳ್ಳುವುದು ಲೇಸು.

ಸರಕಿನ ಚಿತ್ರ, ಬೆಲೆ ತೋರಿಸಿ ಆದೇಶ ಪಡೆಯಲು: 2018ರಲ್ಲಿ ಬಂದ ‘ವಾಟ್ಸ್ಆಪ್ ಬಿಸಿನೆಸ್’ ಉಚಿತ ಆಪ್ ಸಾಕು. ಅದರಲ್ಲಿ ಸರಕಿನ ಪಟ್ಟಿ, ಸಿದ್ಧ ಉತ್ತರ, ‘ಹಣ ಬಾಕಿ’, ‘ಕೆಲಸ ಮುಗಿದಿದೆ’ ಎಂಬಂತಹ ಗುರುತು ಹಚ್ಚುವ ಸೌಲಭ್ಯಗಳಿವೆ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಸಂಸ್ಥೆ ಆರಂಭದಲ್ಲಿ ಬೆಳೆದುದು ವಾಟ್ಸ್ಆಪ್ ಗುಂಪುಗಳಲ್ಲಿ ಬಟ್ಟೆಬರೆಗಳ ಚಿತ್ರ ಹಂಚಿ ಮರುಮಾರಾಟ ಮಾಡುತ್ತಿದ್ದವರಿಂದ. ಅವರಲ್ಲಿ ಗೃಹಿಣಿಯರು ಬಹುಸಂಖ್ಯೆಯಲ್ಲಿದ್ದರು.

ವಿವರಗಳನ್ನು ಕ್ರಮವಾಗಿ ಪಡೆಯಲು: ಗೂಗಲ್ ಫಾರ್ಮ್ಸ್. ತುಂಬಿದ ವಿವರಗಳು ನೇರವಾಗಿ ಲೆಕ್ಕದ ಹಾಳೆಗೆ ಸೇರುತ್ತವೆ.

ಆ ಹಾಳೆಯನ್ನೇ ಆಪ್ ಆಗಿಸಲು: 2020ರಲ್ಲಿ ಗೂಗಲ್ ಕೊಂಡುಕೊಂಡ ‘ಆಪ್‌ಶೀಟ್’, ‘ಗ್ಲೈಡ್’, ಚೆನ್ನೈ ಮೂಲದ ಜೋಹೊ ಸಂಸ್ಥೆಯ ‘ಕ್ರಿಯೇಟರ್’. ಪ್ರಯೋಗದ ಹಂತದಲ್ಲಿ ಇವುಗಳಿಗೆ ಹೆಚ್ಚಿನ ವೆಚ್ಚವಿಲ್ಲ. ಬಳಕೆದಾರರು ಹೆಚ್ಚಿದಂತೆ ತಿಂಗಳ ಶುಲ್ಕ ಬೀಳುತ್ತದೆ.

ಹೆಚ್ಚು ಸಂಕೀರ್ಣವಾದ ಜಾಲ ವ್ಯವಹಾರಕ್ಕೆ: 2012ರಲ್ಲಿ ಆರಂಭವಾದ ‘ಬಬಲ್’ ಮೊದಲಾದವು. ಕಲಿಯಲು ವಾರಗಳ ಅಭ್ಯಾಸ ಬೇಕು.

ಮೊದಲು ಹಾಳೆ, ಆಮೇಲೆ ಆಪ್

ಧಾರವಾಡದಲ್ಲಿ ಪದವಿ ಓದುತ್ತ ಸೀರೆಗೆ ಕುಚ್ಚು ಕಟ್ಟುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಆಕೆಯ ತೊಡಕುಗಳು ಮೂರು: ಯಾವ ಸೀರೆ ಯಾರದು, ಯಾವ ದಿನ ಕೊಡಬೇಕು, ಮುಂಗಡ ಎಷ್ಟು ಬಂದಿದೆ. ಇದಕ್ಕೆ ಮೂರು ಹಾಳೆಗಳು ಸಾಕು. ಒಂದರಲ್ಲಿ ಗ್ರಾಹಕರ ಹೆಸರು ಮತ್ತು ದೂರವಾಣಿ ಸಂಖ್ಯೆ. ಎರಡನೆಯದರಲ್ಲಿ ಸೀರೆಯ ಚಿತ್ರ, ಕುಚ್ಚಿನ ವಿನ್ಯಾಸ, ಕೊಡುವ ದಿನಾಂಕ. ಮೂರನೆಯದರಲ್ಲಿ ಬಂದ ಹಣ ಮತ್ತು ಬಾಕಿ. ಪ್ರತಿ ಆದೇಶಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಚೀಟಿಯನ್ನು ಸೀರೆಯ ಚೀಲಕ್ಕೆ ಪಿನ್ನು ಮಾಡಿದರೆ ಅದಲುಬದಲಿನ ಭಯವಿಲ್ಲ.

ಒಂದು ತಿಂಗಳು ಈ ಹಾಳೆಗಳನ್ನು ತಪ್ಪದೆ ತುಂಬಿದ ಮೇಲಷ್ಟೇ ಆಪ್‌ನ ಯೋಚನೆ ಮಾಡಬೇಕು. ಲೆಕ್ಕದ ಅನುಕೂಲಕ್ಕಾಗಿ, ತಿಂಗಳಿಗೆ 25 ಸೀರೆ, ಸೀರೆಗೆ 350 ರೂಪಾಯಿ ಎಂದುಕೊಳ್ಳೋಣ. ಒಟ್ಟು ಬಂದ ಹಣ 8,750 ರೂಪಾಯಿ. ರೇಷ್ಮೆ ದಾರ, ಮಣಿಗಳಿಗೆ ಸೀರೆಗೆ 60ರಂತೆ 1,500 ಕಳೆದರೆ ಉಳಿಯುವುದು 7,250. ಒಂದು ಸೀರೆಗೆ ಮೂರು ಗಂಟೆ ಹಿಡಿದರೆ ದುಡಿಮೆ 75 ಗಂಟೆ. ಗಂಟೆಗೆ ಸುಮಾರು 97 ರೂಪಾಯಿ. ತಿಂಗಳಿಗೆ 2,000 ರೂಪಾಯಿ ಶುಲ್ಕದ ಸಾಧನವೊಂದನ್ನು ಕೊಂಡರೆ ಅದು 70ಕ್ಕೆ ಇಳಿಯುತ್ತದೆ. ಆ ಸಾಧನದಿಂದ ಹೆಚ್ಚಿನ ಆದೇಶವೋ ಉಳಿತಾಯದ ಸಮಯವೋ ದೊರೆಯದಿದ್ದಲ್ಲಿ ಅದು ನಷ್ಟವೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಆಪ್ ಮಳಿಗೆಗೆ ಏರಿಸುವ ಮುನ್ನ

ಆಪ್ ಅನ್ನು ಗೂಗಲ್ ಪ್ಲೇ ಮಳಿಗೆಯಲ್ಲಿ ಇರಿಸಬೇಕಾದರೆ 25 ಡಾಲರ್ ನೋಂದಣಿ ಶುಲ್ಕವನ್ನು ಒಮ್ಮೆ ತೆರಬೇಕು. ಆಪಲ್ ಮಳಿಗೆಗೆ ವರ್ಷಕ್ಕೆ 99 ಡಾಲರ್. 2023ರ ನವೆಂಬರ್ ನಂತರ ವ್ಯಕ್ತಿಯ ಹೆಸರಿನಲ್ಲಿ ತೆರೆದ ಗೂಗಲ್ ಪ್ಲೇ ಖಾತೆಗಳಿಗೆ ಇನ್ನೊಂದು ನಿಯಮವಿದೆ: ಆಪ್ ಅನ್ನು ಸಾರ್ವಜನಿಕರಿಗೆ ಒದಗಿಸುವ ಮೊದಲು ನಿಗದಿತ ಸಂಖ್ಯೆಯ ಪರೀಕ್ಷಕರು ಸತತ 14 ದಿನ ಅದರ ಪರೀಕ್ಷೆಗೆ ಸೇರಿಕೊಂಡಿರಬೇಕು. ಆರಂಭದಲ್ಲಿ ಈ ಸಂಖ್ಯೆ 20 ಆಗಿದ್ದು, 2024ರ ಡಿಸೆಂಬರಿನಲ್ಲಿ ಅದನ್ನು 12ಕ್ಕೆ ಇಳಿಸಲಾಯಿತು. ಖಾತೆ ತೆರೆಯುವವರಿಗೆ 18 ವರ್ಷ ತುಂಬಿರಬೇಕು. ಆದೇಶ ಪಡೆಯುವುದಷ್ಟೇ ಉದ್ದೇಶವಾಗಿದ್ದರೆ ಮೊಬೈಲಿನ ಬ್ರೌಸರಿನಲ್ಲಿ ತೆರೆದುಕೊಳ್ಳುವ ಕೊಂಡಿಯೇ ಸಾಕು. ಮಳಿಗೆಯ ಗೊಡವೆ ಬೇಡ.

ಬಾಡಿಗೆ ಮನೆಯ ಎಚ್ಚರ

ನೋ-ಕೋಡ್ ಆಪ್ ಎಂಬುದು ಬಾಡಿಗೆ ಮನೆಯಿದ್ದಂತೆ. ಮಾಲೀಕ ಬಾಡಿಗೆ ಏರಿಸಬಹುದು, ಮನೆಯನ್ನೇ ಮುಚ್ಚಬಹುದು. ಗೂಗಲ್ ತನ್ನ ‘ಆಪ್ ಮೇಕರ್’ ಸೇವೆಯನ್ನು 2021ರ ಜನವರಿಯಲ್ಲಿ ನಿಲ್ಲಿಸಿತು. ಅಮೆಜಾನ್ 2020ರಲ್ಲಿ ಆರಂಭಿಸಿದ ‘ಹನಿಕೋಡ್’ 2024ರ ಫೆಬ್ರವರಿ 29ರಂದು ಕೊನೆಗೊಂಡಿತು. ದೊಡ್ಡ ಸಂಸ್ಥೆಯ ಸಾಧನವೆಂಬ ಕಾರಣಕ್ಕೆ ಅದು ಶಾಶ್ವತವೆಂದು ತಿಳಿಯಬಾರದು. ಬಬಲ್‌ನಂತಹ ಸಾಧನಗಳಲ್ಲಿ ದತ್ತಾಂಶವನ್ನು ಹೊರತೆಗೆಯಬಹುದಾದರೂ, ಕಟ್ಟಿದ ಆಪ್ ಅನ್ನು ಕೋಡ್ ರೂಪದಲ್ಲಿ ಬೇರೆಡೆಗೆ ಒಯ್ಯಲಾಗದು.

ಆದ್ದರಿಂದ ಗ್ರಾಹಕರ ಪಟ್ಟಿ ಮತ್ತು ಲೆಕ್ಕದ ಹಾಳೆಯ ಪ್ರತಿಯನ್ನು ವಾರಕ್ಕೊಮ್ಮೆ ಇಳಿಸಿಕೊಂಡು ಬೇರೆಡೆ ಇಟ್ಟುಕೊಳ್ಳಬೇಕು. ಆಪ್ ಹೋದರೆ ಮತ್ತೊಂದು ಕಟ್ಟಬಹುದು. ಗ್ರಾಹಕರ ಪಟ್ಟಿ ಹೋದರೆ ವ್ಯಾಪಾರವೇ ಹೋದಂತೆ.

ಖಾತೆ ಯಾರ ಹೆಸರಿನಲ್ಲಿ?

ಯುವತಿಯರ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ದುಡಿಮೆ ಆಕೆಯದು, ಆದರೆ ಸಿಮ್ ತಂದೆಯ ಹೆಸರಿನಲ್ಲಿ, ಮಿಂಚಂಚೆ ಅಣ್ಣನ ಫೋನಿನಲ್ಲಿ, ಹಣ ಸೇರುವ ಕ್ಯೂಆರ್ ಸಂಕೇತ ಗಂಡನ ಖಾತೆಗೆ ಎಂಬ ಏರ್ಪಾಡು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಇದರ ಹಿಂದೆ ಕೆಟ್ಟ ಉದ್ದೇಶವಿರಬೇಕೆಂದಿಲ್ಲ. ಆ ಹೊತ್ತಿಗೆ ಅನುಕೂಲವೆಂದು ಹಾಗೆ ಮಾಡಿರುತ್ತಾರೆ. ಆದರೆ ಮದುವೆಯಾಗಿ ಊರು ಬದಲಾದಾಗ, ಸಂಬಂಧ ಕೆಟ್ಟಾಗ, ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ ಅದರ ಪರಿಣಾಮ ಕಾಣುತ್ತದೆ. ವರ್ಷಗಟ್ಟಲೆ ದುಡಿದದ್ದಕ್ಕೆ ಆಕೆಯ ಹೆಸರಿನಲ್ಲಿ ಒಂದು ಸಾಲಿನ ದಾಖಲೆಯೂ ಇರುವುದಿಲ್ಲ.

ಹೀಗಾಗಿ ಸಿಮ್, ಮಿಂಚಂಚೆ, ಬ್ಯಾಂಕ್ ಖಾತೆ, ಯುಪಿಐ, ಆಪ್ ಖಾತೆ ಈ ಐದೂ ಆಕೆಯ ಹೆಸರಿನಲ್ಲೇ ಇರತಕ್ಕದ್ದು. ಗುಪ್ತಪದದ ಜೊತೆಗೆ ಎರಡು ಹಂತದ ದೃಢೀಕರಣವನ್ನು ಜಾರಿಗೊಳಿಸಬೇಕು. ಮನೆಯ ವಿಳಾಸ ಮತ್ತು ಸ್ವಂತ ದೂರವಾಣಿ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸದೆ, ವ್ಯಾಪಾರಕ್ಕೆಂದೇ ಬೇರೆ ಸಂಖ್ಯೆ ಇಟ್ಟುಕೊಳ್ಳುವುದು ಸುರಕ್ಷಿತ. 18 ವರ್ಷ ತುಂಬದವರು ಪೋಷಕರ ಹೆಸರಿನಲ್ಲಿ ಆರಂಭಿಸುವುದು ಅನಿವಾರ್ಯ; ವಯಸ್ಸು ತುಂಬಿದ ಕೂಡಲೇ ವರ್ಗಾಯಿಸಿಕೊಳ್ಳುವುದಾಗಿ ಮೊದಲೇ ಮಾತಾಡಿಕೊಂಡಿರಬೇಕು.

ನೋಂದಣಿ ಮತ್ತು ತೆರಿಗೆ

2020ರ ಜುಲೈ 1ರಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿ ಸಂಪೂರ್ಣ ಉಚಿತ. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳೊಂದಿಗೆ ಸರ್ಕಾರಿ ಜಾಲತಾಣದಲ್ಲಿ ಸ್ವಯಂ ಘೋಷಣೆ ಸಲ್ಲಿಸಿದರೆ ಸಾಕು. ಹಣ ಕೇಳುವ ಜಾಲತಾಣಗಳಿಂದ ದೂರವಿರಬೇಕು. ಈ ಪ್ರಮಾಣಪತ್ರ ಸಾಲದ ಅರ್ಜಿಗೆ ನೆರವಾಗುತ್ತದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿವರೆಗೆ ಸಾಲ ದೊರೆಯುತ್ತದೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ ಯೋಜನೆಯಲ್ಲಿ ಬ್ಯಾಂಕ್ ಸಾಲದೊಂದಿಗೆ ಸಹಾಯಧನವೂ ಇದೆ. ಹಪ್ಪಳ, ಉಪ್ಪಿನಕಾಯಿಯಂತಹ ತಿನಿಸು ಮಾರುವವರಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಕಡ್ಡಾಯ.

ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು. ಹೊರರಾಜ್ಯಕ್ಕೆ ಸರಕು ಮಾರುವವರಿಗೆ, ಕೆಲವು ಕರಕುಶಲ ವಸ್ತುಗಳ ಹೊರತು, ಈ ವಿನಾಯಿತಿ ಇಲ್ಲ. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಕಿರು ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ, ಪ್ಯಾನ್ ಆಧಾರಿತ ದಾಖಲಾತಿ ಸಂಖ್ಯೆ ಪಡೆದು, ಇ-ವಾಣಿಜ್ಯ ತಾಣಗಳ ಮೂಲಕ ರಾಜ್ಯದೊಳಗೆ ಸರಕು ಮಾರಬಹುದು.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದ್ದು ಓದುಗರಿಗೆ ನೆನಪಿರಬಹುದು. ತೆರಿಗೆಯಿಲ್ಲದ ಸರಕು ಎಷ್ಟು, ಕೈಸಾಲವಾಗಿ ಬಂದದ್ದು ಎಷ್ಟು ಎಂದು ಬಿಡಿಸಿ ತೋರಿಸಲು ಲೆಕ್ಕ ಬೇಕು. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಮತ್ತು ದಿನಂಪ್ರತಿಯ ಹಾಳೆ ಇದ್ದವರಿಗೆ ಉತ್ತರಿಸುವುದು ಸುಲಭ. ಉದ್ಯೋಗದಲ್ಲಿರುವವರು ತಮ್ಮ ನೇಮಕಾತಿ ಪತ್ರದಲ್ಲಿ ಉಪವೃತ್ತಿಗೆ ನಿರ್ಬಂಧವಿದೆಯೇ ಎಂದು ನೋಡಿಕೊಳ್ಳಬೇಕು. ಸರ್ಕಾರಿ ನೌಕರರು ನಡತೆ ನಿಯಮಗಳಿಗೆ ಬದ್ಧರು.

ಗ್ರಾಹಕರ ಮಾಹಿತಿಯ ಹೊಣೆ

2025ರ ಜುಲೈನಲ್ಲಿ ಅಮೆರಿಕದ ‘ಟೀ’ ಎಂಬ ಮಹಿಳೆಯರ ಆಪ್‌ನಿಂದ ಸುಮಾರು 72,000 ಚಿತ್ರಗಳು ಸೋರಿಹೋದವು. ಅವುಗಳಲ್ಲಿ ಸುಮಾರು 13,000 ಚಿತ್ರಗಳು ಗುರುತಿನ ದೃಢೀಕರಣಕ್ಕೆಂದು ಬಳಕೆದಾರರು ಕೊಟ್ಟ ಭಾವಚಿತ್ರ ಮತ್ತು ಗುರುತುಪತ್ರಗಳಾಗಿದ್ದವು. ಪಾಠ ಸರಳ: ಕೆಲಸಕ್ಕೆ ಬೇಡವಾದ ಮಾಹಿತಿಯನ್ನು ಕೇಳಲೇಬಾರದು, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬಾರದು. ಕುಚ್ಚು ಕಟ್ಟಲು ಗ್ರಾಹಕಿಯ ಜನ್ಮದಿನಾಂಕವಾಗಲಿ ಆಧಾರ್ ಪ್ರತಿಯಾಗಲಿ ಅಗತ್ಯವಿಲ್ಲ. ಭಾರತದಲ್ಲಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟಗೊಂಡಿದ್ದು, ಹಂತಹಂತವಾಗಿ ಜಾರಿಗೆ ಬರಲಿವೆ.

ಮಾತಿನಲ್ಲಿ ವಿವರಿಸಿದರೆ ಆಪ್ ಅನ್ನೇ ರಚಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಈಗ ಬಂದಿವೆ. ಅವು ಬರೆದ ಕೋಡ್ ಅನ್ನು ಓದಲು ಬಾರದವರಿಗೆ ಅದರಲ್ಲಿನ ಬಿರುಕು ಕಾಣುವುದಿಲ್ಲ. ಗ್ರಾಹಕರ ವಿವರ ತುಂಬುವ ಮೊದಲು, ಬೇರೊಬ್ಬರ ಫೋನಿನಿಂದ ಲಾಗಿನ್ ಆಗದೆ ಆ ಪುಟಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸಿ ನೋಡಬೇಕು. ಬಲ್ಲವರೊಬ್ಬರಿಗೆ ತೋರಿಸಿದರೆ ಇನ್ನೂ ಒಳಿತು.

ಕೋಡ್ ಬಾರದೆಂಬುದು ಇನ್ನು ಮುಂದೆ ಹಿಂಜರಿಕೆಗೆ ಕಾರಣವಾಗಬೇಕಿಲ್ಲ. ಆದರೆ ಲೆಕ್ಕ ಬರೆಯುವುದನ್ನು, ಬೀಗದ ಕೈ ತನ್ನ ಬಳಿಯೇ ಇಟ್ಟುಕೊಳ್ಳುವುದನ್ನು ಯಾವ ಸಾಧನವೂ ಆಕೆಯ ಪರವಾಗಿ ಮಾಡಿಕೊಡದು. ಆಸಕ್ತಿಯುಳ್ಳವರು ಇಂದೇ ಒಂದು ಖಾಲಿ ಹಾಳೆ ತೆರೆದು, ತಮ್ಮ ಹೆಸರಿನಲ್ಲಿ, ಮೊದಲ ಆದೇಶದ ವಿವರ ಬರೆದಿಟ್ಟುಕೊಳ್ಳಬಹುದು. ಆಪ್ ಆಮೇಲೆ ಬಂದರೂ ತಡವಾಗುವುದಿಲ್ಲ.