ಚರ್ಚಿಲ್ ಹೇಳದ ಮಾತು, ತೊರಪಳ್ಳಿಯವರು ಬರೆದ ಮಾತು

ಆಗಸ್ಟ್ ಹದಿನೈದು ಬಂತೆಂದರೆ ಮಕ್ಕಳಿಗೆ ಭಾಷಣ ಬರೆದುಕೊಡುವುದು ನಮ್ಮಂಥ ಮೇಷ್ಟ್ರುಗಳಿಗೆ ತಪ್ಪದ ಕೆಲಸ. ಕೆಲವು ವರ್ಷಗಳ ಹಿಂದೆ ನಾನೂ ಒಂದು ಬರೆದೆ. ಅತ್ತಿಬೆಲೆಯಿಂದ ಕೊಂಡು ತಂದಿದ್ದ ಒಂದು ಭಾಷಣದ ಪುಸ್ತಕದಲ್ಲಿ ಚರ್ಚಿಲ್ಲರ ಮಾತೊಂದು ಇತ್ತು. ಸ್ವಾತಂತ್ರ್ಯ ಕೊಟ್ಟರೆ ಭಾರತದ ಅಧಿಕಾರ ಪುಂಡರು, ಪೋಕರಿಗಳು, ದರೋಡೆಕೋರರ ಪಾಲಾಗುತ್ತದೆ, ಮುಂದೊಂದು ದಿನ ಗಾಳಿ ನೀರಿಗೂ ತೆರಿಗೆ ಬೀಳುತ್ತದೆ ಎಂದು ಅವರು 1947ರಲ್ಲಿ ಹೇಳಿದರಂತೆ. ಓದಿ ಖುಷಿಯಾಯಿತು. ಎಂಟನೇ ತರಗತಿಯ ಹುಡುಗಿಯೊಬ್ಬಳಿಗೆ ಬರೆದುಕೊಟ್ಟೆ. ನಮ್ಮ ಶಾಲೆಯಲ್ಲಿ ಒಳ್ಳೆಯ ಚಪ್ಪಾಳೆಯೂ ಬಿತ್ತು.

ಆಮೇಲೆ ಅದೇ ಭಾಷಣವನ್ನು ಅವಳು ಒಂದು ಸ್ಪರ್ಧೆಯಲ್ಲಿ ಮಾಡಿದಳು. ಮುಗಿಸಿದ ಮೇಲೆ ತೀರ್ಪುಗಾರರಲ್ಲೊಬ್ಬರು, "ಚರ್ಚಿಲ್ ಇದನ್ನು ಎಲ್ಲಿ ಹೇಳಿದರಮ್ಮಾ?" ಎಂದು ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಕಿಟಕಿ ಕಡೆ ನೋಡಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ, "ನೀವೇ ಬರ್ಕೊಟ್ರಲ್ಲ ಸಾರ್, ನನಗೇನು ಗೊತ್ತು?" ಅಂದಳು, ಅಷ್ಟೇ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹುಡುಕಲು ಶುರು ಮಾಡಿದ್ದು ಆಮೇಲೆ. ಚರ್ಚಿಲ್ಲರ ಭಾಷಣ, ಬರಹಗಳನ್ನೆಲ್ಲ ಜಾಲಾಡಿದವರಿಗೂ ಈ ಮಾತು ಸಿಕ್ಕಿಲ್ಲ. ಹಾಗೆಂದು ಅವರು ನಮ್ಮ ಬಗ್ಗೆ ಒಳ್ಳೆಯ ಮಾತಾಡಿದವರೇನಲ್ಲ. 1947ರ ಮಾರ್ಚ್ 6ರಂದು ಬ್ರಿಟಿಷ್ ಸಂಸತ್ತಿನಲ್ಲಿ, ಅಧಿಕಾರ ವಹಿಸಿಕೊಳ್ಳಲಿರುವ ನಮ್ಮ ನಾಯಕರು ಬರೀ ಹುಲ್ಲಿನ ಬೊಂಬೆಗಳು ಎಂಬರ್ಥದಲ್ಲಿ ಹೀಯಾಳಿಸಿದ್ದರು. ಅದು ದಾಖಲೆಯಲ್ಲಿದೆ. ಆದರೆ ಗಾಳಿ ನೀರಿನ ತೆರಿಗೆಯ ಮಾತಿಗೆ ಆಧಾರವಿಲ್ಲ.

ನನಗೆ ನಿಜವಾಗಿ ನಾಚಿಕೆಯಾದದ್ದು ಇದಕ್ಕಲ್ಲ. ಸ್ವರಾಜ್ಯ ಬಂದ ಕೂಡಲೇ ಸುಖ ಬಂದುಬಿಡುವುದಿಲ್ಲ. ಚುನಾವಣೆಯ ಭ್ರಷ್ಟತೆ, ಅನ್ಯಾಯ, ಹಣವಂತರ ದರ್ಪ, ಆಡಳಿತದ ಅಸಮರ್ಥತೆ ಸೇರಿ ಬದುಕನ್ನು ನರಕ ಮಾಡುತ್ತವೆ ಎಂದು ಒಬ್ಬರು ನಿಜವಾಗಿಯೂ ಬರೆದಿಟ್ಟಿದ್ದಾರೆ. ಬರೆದದ್ದು 1922ರ ಜನವರಿಯಲ್ಲಿ, ವೇಲೂರು ಜೈಲಿನಲ್ಲಿ, ದಿನಚರಿಯ ಪುಸ್ತಕದಲ್ಲಿ. ಬರೆದವರು ರಾಜಾಜಿ. 1878ರಲ್ಲಿ ಹುಟ್ಟಿದ್ದು ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ! ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು. ಅವರ ಮನೆ ಈಗ ಸ್ಮಾರಕ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮಂಡಕ್ಕಿ ತಿನ್ನಿಸಿ, ಫೋಟೋ ತೆಗೆಸಿಕೊಂಡು ಬಂದವನು ನಾನು. ಪಕ್ಕದ ಊರಿನವರು ಜೈಲಿನಲ್ಲಿ ಕೂತು ಬರೆದದ್ದು ನನಗೆ ಗೊತ್ತಿರಲಿಲ್ಲ, ಲಂಡನ್ನಿನವರು ಹೇಳದೇ ಇದ್ದದ್ದು ಗೊತ್ತಿತ್ತು.

ಎರಡು ಮಾತಿಗೂ ಇರುವ ವ್ಯತ್ಯಾಸ ನೋಡಿ. ಸುಳ್ಳು ಚರ್ಚಿಲ್ ಬೈದು ಸುಮ್ಮನಾಗುತ್ತಾರೆ. ರಾಜಾಜಿ ಹಾಗಲ್ಲ, ದಾರಿಯನ್ನೂ ಹುಡುಕುತ್ತಾರೆ. ಚಿಕ್ಕಂದಿನಿಂದಲೇ ನಡತೆ, ದೈವಭೀತಿ, ಪ್ರೀತಿ ಕಲಿಸುವ ಶಿಕ್ಷಣ ಎಲ್ಲರಿಗೂ ಸಿಕ್ಕರೆ ಮಾತ್ರ ಉಳಿಗಾಲ ಎಂಬುದು ಅವರ ನಂಬಿಕೆ. ದೈವಭೀತಿಯ ವಿಷಯದಲ್ಲಿ ನಾವು ಒಪ್ಪಬಹುದು, ಬಿಡಬಹುದು. ಆದರೆ ವಾದ ಮಾಡುವುದಕ್ಕೆ ಅಲ್ಲೊಬ್ಬ ನಿಜವಾದ ಮನುಷ್ಯ ಇದ್ದಾನೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಹಿ. ನೆಹರೂ ತಮ್ಮನ್ನೇ ಕುರಿತು, ಶಿಕ್ಷಣದಿಂದ ಇಂಗ್ಲಿಷಿನವನು, ಸಂಸ್ಕೃತಿಯಿಂದ ಮುಸಲ್ಮಾನ, ಹುಟ್ಟಿನ ಆಕಸ್ಮಿಕದಿಂದ ಮಾತ್ರ ಹಿಂದೂ ಎಂದು ಹೇಳಿಕೊಂಡರಂತೆ. ಇದು ನಿಮ್ಮ ಫೋನಿಗೂ ಬಂದಿರುತ್ತದೆ. ಒಂದು ದಿನ ನನ್ನ ತರಗತಿಯಲ್ಲೇ ಒಬ್ಬ ಹುಡುಗ ಪಕ್ಕದಲ್ಲಿ ಕೂತಿದ್ದವನಿಗೆ, "ನೆಹರೂ ನಿಮ್ಮೋರಂತೆ ಕಣೋ, ಅದಕ್ಕೇ ಅರ್ಧ ದೇಶ ನಿಮಗೇ ಕೊಟ್ಟುಬಿಟ್ರಂತೆ" ಅಂದ. ಆ ಇನ್ನೊಬ್ಬನ ಮನೆಮಾತು ಉರ್ದು. ಅಪ್ಪ ಸಿಪ್ಕಾಟ್‌ನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಕನ್ನಡದಲ್ಲಿ ಓದಲಿ ಎಂದು ಮಗನನ್ನು ನಮ್ಮಲ್ಲಿಗೆ ಸೇರಿಸಿದ್ದ. ಹುಡುಗ ತಲೆ ತಗ್ಗಿಸಿ ಪೆನ್ಸಿಲ್ ಕೆತ್ತುತ್ತಾ ಕೂತ. ಹೇಳಿದವನಿಗೆ ಸಿಟ್ಟಾಗಲಿ ದ್ವೇಷವಾಗಲಿ ಇರಲಿಲ್ಲ, ಮನೆಯಲ್ಲಿ ಕೇಳಿದ್ದನ್ನು ಹೇಳಿದ್ದ. ಮಧ್ಯಾಹ್ನ ಊಟಕ್ಕೆ ಇಬ್ಬರೂ ಒಟ್ಟಿಗೇ ಕೂತರು ಎನ್ನಿ.

ಆತ್ಮಕಥೆಯಲ್ಲೇ ಹೀಗಿದೆ ಎಂದು ವಾದಿಸುವವರಿದ್ದಾರೆ. ನೆಹರೂ ಆತ್ಮಕಥೆ ಅಚ್ಚಾದದ್ದು 1936ರಲ್ಲಿ. ಅದರಲ್ಲಿ ಈ ಮಾತಿಲ್ಲ. ಪೂರ್ವ ಪಶ್ಚಿಮಗಳ ವಿಚಿತ್ರ ಬೆರಕೆಯಾಗಿ ತಾನು ಎಲ್ಲಿಯೂ ಸಲ್ಲದವನಾಗಿದ್ದೇನೆ ಎಂಬ ಅಳಲು ಇದೆ. ಹಾಗಾದರೆ ಈ ಮಾತು ಎಲ್ಲಿಂದ ಬಂತು? ಜಾಡು ಹಿಡಿದು ಹೋದರೆ ಸಿಗುವವರು ಎನ್.ಬಿ. ಖರೆ. 1937ರಲ್ಲಿ ಕಾಂಗ್ರೆಸ್ಸಿನಿಂದಲೇ ಮಧ್ಯಪ್ರಾಂತ್ಯದ ಪ್ರಧಾನಿಯಾಗಿ, ಮರುವರ್ಷವೇ ಪಕ್ಷದ ನಾಯಕರೊಂದಿಗೆ ಜಗಳವಾಗಿ ಹೊರಬಿದ್ದು, ಆಮೇಲೆ ಹಿಂದೂ ಮಹಾಸಭೆಯ ಅಧ್ಯಕ್ಷರಾದವರು. 1959ರಲ್ಲಿ ನೆಹರೂ ಕುರಿತು ಬಂದ ಲೇಖನ ಸಂಕಲನವೊಂದಕ್ಕೆ ಅವರು ಬರೆದ ಕಟುವಾದ ಲೇಖನದಲ್ಲಿ ಈ ಮಾತು ಬರುತ್ತದೆ. ವಿರೋಧಿಯ ಟೀಕೆ ಹೀಗೆ ಟೀಕೆಗೊಳಗಾದವರ ಬಾಯಿಗೇ ಬಂದು ಕೂತಿತು. ಹುಬ್ಬಳ್ಳಿ ಧಾರವಾಡದವರು ನಿಜಕ್ಕೆ 'ಖರೆ' ಅನ್ನುತ್ತಾರೆ. ಇಲ್ಲಿ ಮಾತು ಖರೆಯವರದು, ಆದರೆ ಖರೆ ಅಲ್ಲ!

ಮೆಕಾಲೆಯದೂ ಇದೇ ಕಥೆ. ಭಾರತದಲ್ಲಿ ಭಿಕ್ಷುಕರಿಲ್ಲ, ಕಳ್ಳರಿಲ್ಲ, ಇವರ ಆಧ್ಯಾತ್ಮಿಕ ಬೆನ್ನೆಲುಬು ಮುರಿಯಬೇಕು ಎಂದು ಅವನು 1835ರ ಫೆಬ್ರುವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದನಂತೆ. ಆ ದಿನ ಮೆಕಾಲೆ ಲಂಡನ್ನಿನಲ್ಲಿ ಇರಲೇ ಇಲ್ಲ. 1834ರ ಜೂನ್‌ನಲ್ಲಿ ಮದರಾಸಿನಲ್ಲಿ ಇಳಿದು, ಪಲ್ಲಕ್ಕಿಯಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ಊಟಿಗೆ ಹೋಗಿ, ಆಮೇಲೆ ಕಲ್ಕತ್ತ ಸೇರಿದ್ದ. ಆ ತಾರೀಖಿನಂದು ಅವನು ಬರೆದದ್ದು ಕಲ್ಕತ್ತದಲ್ಲಿ, ಶಿಕ್ಷಣದ ಕುರಿತ ಟಿಪ್ಪಣಿ. ಅದರಲ್ಲಿ ನಮ್ಮ ಸಾಹಿತ್ಯವನ್ನೆಲ್ಲ ಯುರೋಪಿನ ಒಂದು ಪುಸ್ತಕದ ಕಪಾಟಿಗೆ ಸಮವಲ್ಲ ಎಂದು ತೂಗಿದ್ದಾನೆ. ಬೈಯಬೇಕೆಂದರೆ ಅಷ್ಟೇ ಸಾಲದೇ? ಹೊಗಳಿಕೆ ಬೇಕಾಗಿತ್ತೇನೋ, ಅವನ ಬಾಯಲ್ಲೇ ಹೇಳಿಸಿದರು.

ಅಮೆರಿಕದಲ್ಲೂ ಇದೇ ಜಗಳ ಇದೆ, ದೇಶ ಕಟ್ಟಿದವರು ಕ್ರೈಸ್ತ ರಾಷ್ಟ್ರ ಕಟ್ಟಿದರೇ ಇಲ್ಲವೇ ಎಂದು. 1799ರಲ್ಲಿ ತೀರಿಕೊಂಡ ಪ್ಯಾಟ್ರಿಕ್ ಹೆನ್ರಿಯವರದೆಂದು ಒಂದು ಪಕ್ಷದವರು ಹೇಳುತ್ತಿದ್ದ ಮಾತು 1956ರ ಒಂದು ಪತ್ರಿಕೆಯದು. ಅಮೆರಿಕದ ಸರ್ಕಾರ ಕ್ರೈಸ್ತ ಧರ್ಮದ ಮೇಲೆ ನಿಂತಿಲ್ಲ ಎಂಬ ಮಾತನ್ನು ಇನ್ನೊಂದು ಪಕ್ಷದವರು ವಾಷಿಂಗ್ಟನ್ನರದೆಂದು ಹೇಳಿದರು. ಅದು ಟ್ರಿಪೊಲಿಯೊಂದಿಗೆ ಆದ ಒಪ್ಪಂದದ ಒಂದು ಕಲಮು, 1797ರಲ್ಲಿ ಅದಕ್ಕೆ ಸಹಿ ಹಾಕಿದ ಅಧ್ಯಕ್ಷ ಜಾನ್ ಆಡಮ್ಸ್.

ಇರಲಿ, ನಮ್ಮಲ್ಲಿಗೆ ಬರೋಣ. ನನಗೆ ಸೋಜಿಗವೆಂದರೆ, ದೇಶ ಮತ್ತು ಧರ್ಮದ ಬಗ್ಗೆ ನಮ್ಮ ಹಿರಿಯರು ಆಡಿದ ನಿಜವಾದ ಮಾತುಗಳು ಸಂವಿಧಾನ ಸಭೆಯ ನಡಾವಳಿಯಲ್ಲಿ ಅಕ್ಷರ ಬಿಡದೆ ಇವೆ. ಯಾರೂ ಅದನ್ನು ಫೋನಿನಲ್ಲಿ ಕಳಿಸುವುದಿಲ್ಲ. 1949ರ ಅಕ್ಟೋಬರ್ 17ರ ನಡಾವಳಿ ಓದಿ. ಸಂವಿಧಾನದ ಪೀಠಿಕೆ ದೇವರ ಹೆಸರಿನಿಂದ ಆರಂಭವಾಗಬೇಕು ಎಂದು ತಿದ್ದುಪಡಿ ತಂದವರು ಎಚ್.ವಿ. ಕಾಮತ್. ಮಂಗಳೂರಿನಲ್ಲಿ ಹುಟ್ಟಿದವರು, ಆದರೆ ಸಭೆಗೆ ಹೋದದ್ದು ಮಧ್ಯಪ್ರಾಂತ್ಯದಿಂದ. ದೇವರನ್ನು ನಂಬಬೇಕೋ ಬೇಡವೋ ಎಂಬ ಸ್ವಾತಂತ್ರ್ಯಕ್ಕೇ ಇದು ಅಡ್ಡಿ ಎಂದರು ಒಬ್ಬರು. ಹೃದಯನಾಥ ಕುಂಜ್ರೂ ಅವರಿಗೂ ಇದು ಸರಿ ಕಾಣಲಿಲ್ಲ. ಪೂರ್ಣಿಮಾ ಬ್ಯಾನರ್ಜಿ, ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಕಾಮತರನ್ನು ಬೇಡಿಕೊಂಡರು. ಕಾಮತರು ಬಿಡಲಿಲ್ಲ. ಮತಕ್ಕೆ ಹಾಕಿದರು: ಪರ 41, ವಿರುದ್ಧ 68. ಬಿದ್ದುಹೋಯಿತು. ನಮ್ಮ ಚರಿತ್ರೆಯಲ್ಲಿ ಇದು ಕರಾಳ ದಿನ ಎಂದು ನೊಂದುಕೊಂಡರು ಕಾಮತರು. ಯಾರೂ ಯಾರನ್ನೂ ದೇಶದ್ರೋಹಿ ಎನ್ನಲಿಲ್ಲ. ಮತ ಹಾಕಿದ ಎರಡೂ ಕಡೆಯವರೂ ಮುಂದಿನ ತಿಂಗಳು ಅದೇ ಸಂವಿಧಾನವನ್ನು ಅಂಗೀಕರಿಸಿದರು.

ಆ ಪೆನ್ಸಿಲ್ ಕೆತ್ತಿದ ಹುಡುಗನ ತರಗತಿಯಲ್ಲಿ ಇದನ್ನೇ ಕಥೆಯಂತೆ ಹೇಳಿದೆ. ನೆಹರೂ, ಖರೆ ಸುದ್ದಿಯನ್ನೂ ಹೇಳಿದೆ. ಆ ಮಾತು ಎತ್ತಿದ್ದ ಹುಡುಗ, "ಹಾಗಾದ್ರೆ ನಮ್ಮ ಮಾಮಗೆ ಹೇಳ್ಲಾ ಸಾರ್?" ಎಂದು ಕೇಳಿದ. ಹೇಳು, ಆದರೆ ಪುಸ್ತಕದ ಹೆಸರು ಬರೆದುಕೊಂಡು ಹೋಗು ಅಂದೆ. ಬರೆದುಕೊಂಡ. ಹಿಂದಿನ ಬೆಂಚಿನಿಂದ ಉರ್ದು ಮನೆಮಾತಿನವನು ಕೈ ಎತ್ತಿದ. ಏನಪ್ಪಾ ಎಂದರೆ, "ಸಾರ್, ದೇವರಿಗೆ ಬರೀ ನಲವತ್ತೊಂದು ಓಟಾ?"