ಆದ್ಯತೆಗಳ ಪಟ್ಟಿ, ಅಧಿಕಾರದ ಮಿತಿ: ಐರೋಪ್ಯ ಒಕ್ಕೂಟದ ಹೊಸ ನಾಯಕತ್ವಗಳ ಚರಿತ್ರೆ (1958–2024)

ಐರೋಪ್ಯ ಆಯೋಗದ ಅಧ್ಯಕ್ಷಗಿರಿಗೆ ಬರುವವರು ತಮ್ಮ ಅವಧಿಯ ನೀತಿ ಆದ್ಯತೆಗಳನ್ನು ಮೊದಲೇ ಸಾರುವುದು ಈಗ ರೂಢಿ. ಕಾನೂನುಗಳ ಪ್ರಸ್ತಾವ ಮಂಡಿಸುವ ಹಕ್ಕು ಬಹುಪಾಲು ಆಯೋಗದ್ದೇ. ಆದರೆ ಅವುಗಳನ್ನು ಅಂಗೀಕರಿಸುವವರು ಸದಸ್ಯ ರಾಷ್ಟ್ರಗಳ ಸಚಿವರ ಮಂಡಳಿ ಮತ್ತು ಐರೋಪ್ಯ ಸಂಸತ್ತು. ಒಕ್ಕೂಟದ ಬಜೆಟ್ಟಾದರೂ ಸದಸ್ಯ ರಾಷ್ಟ್ರಗಳ ಒಟ್ಟು ಆದಾಯದ ಶೇ. 1ರ ಆಸುಪಾಸಿನದು. ಇಷ್ಟು ಸೀಮಿತ ಅಧಿಕಾರದಲ್ಲಿ ಯಾವ ಆದ್ಯತೆಗಳು ಕೈಗೂಡಿದವು, ಯಾವುವು ಕಡತದಲ್ಲೇ ಉಳಿದವು ಎಂಬುದು ಈ ಲೇಖನದ ಪ್ರಶ್ನೆ. ಸ್ಪಷ್ಟ ಗಡುವು, ತಕ್ಕ ಮತದಾನ ನಿಯಮ, ಹಣ: ಈ ಮೂರೂ ಕೂಡಿದಲ್ಲಿ ಮಾತ್ರ ಆದ್ಯತೆ ನೀತಿಯಾಗಿದೆ ಎಂಬುದು ಇಲ್ಲಿನ ವಾದ.

ಮೊದಲ ಅಧ್ಯಕ್ಷ ವಾಲ್ಟರ್ ಹಾಲ್‌ಸ್ಟೈನ್ 1958ರಲ್ಲಿ ಅಧಿಕಾರ ವಹಿಸಿಕೊಂಡಾಗ ಆದ್ಯತೆಯನ್ನು ರೋಮ್ ಒಪ್ಪಂದವೇ ನಿಗದಿ ಮಾಡಿತ್ತು. ಈಗಿನ ಒಕ್ಕೂಟದ ಪೂರ್ವರೂಪವಾದ ಐರೋಪ್ಯ ಆರ್ಥಿಕ ಸಮುದಾಯದ ಆರು ರಾಷ್ಟ್ರಗಳ ನಡುವಿನ ಸುಂಕಗಳನ್ನು ಹನ್ನೆರಡು ವರ್ಷಗಳಲ್ಲಿ ಹಂತಹಂತವಾಗಿ ತೆಗೆಯಬೇಕಿತ್ತು. ಆ ಕೆಲಸ ಅವಧಿಗೆ ಮುನ್ನವೇ, 1968ರ ಜುಲೈ 1ರಂದು ಮುಗಿಯಿತು. ಆದರೆ 1965ರಲ್ಲಿ ಹಾಲ್‌ಸ್ಟೈನ್ ಕೃಷಿ ನೀತಿಯ ಹಣಕಾಸಿನ ಜೊತೆಗೆ ಸಮುದಾಯಕ್ಕೆ ಸ್ವಂತ ಆದಾಯ, ಸಂಸತ್ತಿಗೆ ಹೆಚ್ಚಿನ ಅಧಿಕಾರ ಬೇಕೆಂದು ಕೇಳಿದಾಗ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಒಪ್ಪಲಿಲ್ಲ. ಫ್ರಾನ್ಸ್ ತಿಂಗಳುಗಟ್ಟಲೆ ಮಂಡಳಿಯ ಸಭೆಗಳಿಂದ ಹೊರಗುಳಿಯಿತು. 1966ರ ಜನವರಿಯ ಲಕ್ಸೆಂಬರ್ಗ್ ರಾಜಿಯ ನಂತರ, ರಾಷ್ಟ್ರವೊಂದು ತನ್ನ ಮಹತ್ವದ ಹಿತಾಸಕ್ತಿಯ ಪ್ರಶ್ನೆಯೆಂದು ಪಟ್ಟುಹಿಡಿದರೆ ಮತಕ್ಕೆ ಹಾಕದಿರುವ ಪರಿಪಾಠ ಬೆಳೆಯಿತು.

ಈ ಕಗ್ಗಂಟನ್ನು ಸಡಿಲಿಸಿದ ಕೀರ್ತಿ ಜಾಕ್ ಡೆಲೋರ್ ನಾಯಕತ್ವದ್ದು. 1985ರ ಜನವರಿಯಲ್ಲಿ ಆಯೋಗದ ಅಧ್ಯಕ್ಷರಾಗಿ ಬಂದ ಅವರು ಅದಕ್ಕೂ ಮೊದಲೇ ರಾಜಧಾನಿಗಳನ್ನು ಸುತ್ತಿ ನಾಯಕರ ಮನಸ್ಸು ಅರಿತಿದ್ದರು. ರಕ್ಷಣೆ, ಏಕ ನಾಣ್ಯ, ಸಂಸ್ಥೆಗಳ ಸುಧಾರಣೆ ಮತ್ತು ಏಕ ಮಾರುಕಟ್ಟೆಗಳ ಪೈಕಿ ಎಲ್ಲರೂ ಒಪ್ಪಬಹುದಾಗಿದ್ದದ್ದು ಕೊನೆಯದು ಮಾತ್ರ. ಆಯುಕ್ತ ಲಾರ್ಡ್ ಕಾಕ್‌ಫೀಲ್ಡ್ ಸಿದ್ಧಪಡಿಸಿದ ಶ್ವೇತಪತ್ರ ಸುಮಾರು 300 ಕ್ರಮಗಳನ್ನು ಪಟ್ಟಿ ಮಾಡಿ 1992ರ ಅಂತ್ಯದ ಗಡುವು ಹಾಕಿತು. 1987ರಲ್ಲಿ ಜಾರಿಗೆ ಬಂದ ಏಕ ಐರೋಪ್ಯ ಕಾಯಿದೆ ಮಾರುಕಟ್ಟೆ ಸಂಬಂಧಿ ಬಹುತೇಕ ತೀರ್ಮಾನಗಳನ್ನು ಅರ್ಹ ಬಹುಮತಕ್ಕೆ (ಎಲ್ಲರ ಒಪ್ಪಿಗೆ ಬೇಡದ, ನಿಗದಿತ ಪ್ರಮಾಣದ ಬಹುಮತಕ್ಕೆ) ಒಪ್ಪಿಸಿತು. ತೆರಿಗೆ ಸರ್ವಾನುಮತದ ವಲಯದಲ್ಲೇ ಉಳಿಯಿತು. 1988ರಲ್ಲಿ ಹಿಂದುಳಿದ ಪ್ರದೇಶಗಳ ನೆರವು ನಿಧಿಯನ್ನು ಇಮ್ಮಡಿಗೊಳಿಸಲು ಒಪ್ಪಿದ್ದರಿಂದ ಬಡ ರಾಷ್ಟ್ರಗಳೂ ಜೊತೆಗೆ ಬಂದವು.

2000ದಲ್ಲಿ ಒಕ್ಕೂಟದ ನಾಯಕರು ಒಪ್ಪಿದ ಲಿಸ್ಬನ್ ಕಾರ್ಯತಂತ್ರ ಇದಕ್ಕೆ ತದ್ವಿರುದ್ಧ. ಹತ್ತು ವರ್ಷಗಳಲ್ಲಿ ಜಗತ್ತಿನ ಅತ್ಯಂತ ಸ್ಪರ್ಧಾತ್ಮಕ ಜ್ಞಾನಾಧಾರಿತ ಆರ್ಥಿಕತೆಯಾಗುವ ಗುರಿಯೇನೋ ದೊಡ್ಡದಿತ್ತು, ಗಡುವೂ ಇತ್ತು. ಆದರೆ ಅನುಷ್ಠಾನ ಬಹುಮಟ್ಟಿಗೆ ರಾಷ್ಟ್ರಗಳ ಸ್ವಇಚ್ಛೆಗೆ ಬಿಟ್ಟದ್ದು. ಸಂಶೋಧನೆಗೆ ರಾಷ್ಟ್ರೀಯ ಉತ್ಪನ್ನದ ಶೇ. 3ರಷ್ಟು ವ್ಯಯಿಸುವ ಗುರಿಯಿದ್ದರೂ ನಿಜವಾದ ವೆಚ್ಚ 2010ರಲ್ಲೂ ಶೇ. 2ರ ಆಸುಪಾಸಿನಲ್ಲೇ ನಿಂತಿತು.

ಆಯೋಗದ ಅಧ್ಯಕ್ಷಗಿರಿಗೆ ಬಂದ ಉರ್ಸುಲಾ ಫಾನ್ ಡೆರ್ ಲೇಯೆನ್ 2019ರಲ್ಲಿ ಆರು ಆದ್ಯತೆಗಳನ್ನು ಸಾರಿದರು. ಅವುಗಳಲ್ಲಿ ಹವಾಮಾನ ನೀತಿಗೆ 2021ರ ಕಾನೂನಿನ ಬಲ ದೊರೆಯಿತು: 1990ಕ್ಕೆ ಹೋಲಿಸಿ 2030ರೊಳಗೆ ನಿವ್ವಳ ಹೊರಸೂಸುವಿಕೆಯನ್ನು ಕನಿಷ್ಠ ಶೇ. 55ರಷ್ಟು ತಗ್ಗಿಸಬೇಕು. ಕೋವಿಡ್ ಬಿಕ್ಕಟ್ಟಿನಲ್ಲಿ ಒಪ್ಪಿದ 75,000 ಕೋಟಿ ಯೂರೋಗಳ ಸಾಮೂಹಿಕ ಸಾಲ ಆ ನೀತಿಗೂ ಆಸರೆಯಾಯಿತು.

2024ರ ಡಿಸೆಂಬರ್‌ನಲ್ಲಿ ಆರಂಭವಾದ ಅವರ ಎರಡನೇ ಅವಧಿಯಲ್ಲಿ ಸ್ಪರ್ಧಾತ್ಮಕತೆ ಮತ್ತು ರಕ್ಷಣೆ ಮುಂಚೂಣಿಗೆ ಬಂದಿವೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಐರೋಪ್ಯ ಕೇಂದ್ರ ಬ್ಯಾಂಕಿನ ಮಾಜಿ ಅಧ್ಯಕ್ಷ ಮಾರಿಯೋ ದ್ರಾಗಿ ಸಲ್ಲಿಸಿದ ವರದಿ, ವರ್ಷಕ್ಕೆ 75,000ದಿಂದ 80,000 ಕೋಟಿ ಯೂರೋ ಹೆಚ್ಚುವರಿ ಹೂಡಿಕೆ ಬೇಕೆಂದಿತ್ತು. ಖಾಸಗಿ ಬಂಡವಾಳ ಗಡಿ ದಾಟಿ ಹರಿಯಲೆಂದು 2015ರಲ್ಲೇ ಕ್ರಿಯಾಯೋಜನೆ ರೂಪಿಸಿದ್ದ ಬಂಡವಾಳ ಮಾರುಕಟ್ಟೆ ಒಕ್ಕೂಟ ಮಾತ್ರ ಇನ್ನೂ ಅಪೂರ್ಣ. ದಿವಾಳಿ ಕಾನೂನು ಮತ್ತು ತೆರಿಗೆ ಇಂದಿಗೂ ಬಹುಮಟ್ಟಿಗೆ ರಾಷ್ಟ್ರಗಳ ಹಿಡಿತದಲ್ಲಿವೆ.

ಆದ್ದರಿಂದ ಹೊಸ ನಾಯಕತ್ವ ಆದ್ಯತೆಗಳ ಪಟ್ಟಿ ಉದ್ದ ಮಾಡುವುದಕ್ಕಿಂತ ಡೆಲೋರ್ ಮಾದರಿಯನ್ನು ಅನುಸರಿಸುವುದು ಲೇಸು. ಒಂದೋ ಎರಡೋ ಗುರಿಗಳನ್ನು ಆರಿಸಿ, ಬೇಕಾದ ಕಾನೂನುಗಳನ್ನು ಹೆಸರಿಸಿ, ಬಹುಮತದಿಂದ ಯಾವುದು ಸಾಧ್ಯ, ಯಾವುದಕ್ಕೆ 27 ರಾಷ್ಟ್ರಗಳ ಸಮ್ಮತಿ ಬೇಕು ಎಂಬುದನ್ನು ಮೊದಲೇ ಬಿಚ್ಚಿಡಬೇಕು. 2028ರಿಂದ ಶುರುವಾಗುವ ಏಳು ವರ್ಷಗಳ ಬಜೆಟ್ಟಿಗೂ ಸರ್ವಾನುಮತವೇ ಬೇಕು. ಸಾರಿದ ಆದ್ಯತೆಗಳಿಗೆ ಅಲ್ಲಿ ಹಣ ಒದಗದಿದ್ದರೆ ಲಿಸ್ಬನ್ ಅನುಭವ ಮರುಕಳಿಸುವುದು ಖಚಿತ.